ಕೀ ಗುರುತಿಸದ ಗಾಡಿ

ಮಾರ್ಚ್ ಕೊನೆಯ ಒಂದು ಶುಕ್ರವಾರ ಬೆಳಿಗ್ಗೆ, ಜೂಜುವಾಡಿಯ ಸರ್ವಿಸ್ ರಸ್ತೆಯಲ್ಲಿರುವ ಆವುಲಪ್ಪನ ಅಂಗಡಿ ಮುಂದೆ ಬಿಳಿ ಬಣ್ಣದ ಸಣ್ಣ ಕಾರೊಂದು ಬಂದು ನಿಂತಿತು. ಓಡಿಸುತ್ತಿದ್ದ ಗಂಡಸಿಗೆ ಮೂವತ್ತೈದರ ಆಸುಪಾಸು. ಅವನು ಎಂಜಿನ್ ಆಫ್ ಮಾಡಿದ. ಇಳಿಯುವ ಬದಲು ಮತ್ತೆ ಕೀ ತಿರುಗಿಸಿ ಸ್ಟಾರ್ಟ್ ಮಾಡಿದ, ಮತ್ತೆ ಆಫ್ ಮಾಡಿದ. ಹಾಗೆ ಮೂರು ಸಲ ಮಾಡಿ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ನೋಡಣ್ಣ, ಒಂದೇ ಏಟಿಗೆ ಹತ್ಕೊಳ್ತದೆ. ಇದ್ರಾಗೆ ಏನೂ ತೊಂದ್ರೆ ಇಲ್ಲ."

"ತೊಂದ್ರೆ ಇಲ್ದಿರೋ ಗಾಡೀನ ನನ್ ಹತ್ರ ಯಾಕಪ್ಪ ತಂದೆ?" ಎಂದ ಆವುಲಪ್ಪ.

ಅವನು ಪಕ್ಕದ ಸೀಟಿನ ಕಡೆ ನೋಡಿದ. ಅಲ್ಲಿ ಕೂತಿದ್ದ ಹೆಂಗಸು ಬಾಗಿಲು ತೆಗೆದು ಇಳಿದಳು. ಲಾರಿಗಳ ಸದ್ದಿಗೆ ಮಾತು ಕೇಳಿಸದೆ ಹೋದೀತೆಂದು ಆವುಲಪ್ಪನ ಹತ್ತಿರಕ್ಕೇ ಬಂದಳು.

"ರಿಪೇರಿ ಮಾಡೋದು ಬ್ಯಾಡಣ್ಣ. ಹೋದ್ ವರ್ಷ ಏಪ್ರಿಲ್‌ನಾಗೆ ಒಂದಿನ ಇದು ಸ್ಟಾರ್ಟ್ ಆಗ್ಲಿಲ್ಲ. ಅದು ಗಾಡಿ ತಪ್ಪಾ, ನನ್ ತಪ್ಪಾ? ಅಷ್ಟು ನೋಡಿ ಹೇಳಿ, ಸಾಕು."

ಆವುಲಪ್ಪನಿಗೆ ಐವತ್ತೆಂಟು ವರ್ಷ. ಹೊಸೂರಿನ ಒಂದು ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ವಾಹನಗಳ ವೈರಿಂಗ್ ಕಟ್ಟುವ ಕೆಲಸ ಮಾಡಿ, ಆಮೇಲೆ ಈ ಅಂಗಡಿ ಇಟ್ಟವನು. ಕಾರುಗಳ ಕರೆಂಟಿನ ಕೆಲಸ ಬಿಟ್ಟು ಬೇರೆ ಯಾವುದಕ್ಕೂ ಕೈ ಹಾಕುತ್ತಿರಲಿಲ್ಲ. ಗಾಡಿ ಮುರಿದಿದೆ, ಸರಿ ಮಾಡು ಎನ್ನುವವರನ್ನು ದಿನವೂ ನೋಡುತ್ತಿದ್ದ. ಸರಿ ಮಾಡಬೇಡ, ಯಾರ ತಪ್ಪು ಹೇಳು ಎಂದವರಲ್ಲಿ ಇವಳೇ ಮೊದಲು. ಅವನು ಒಳಗಿಂದ ಎರಡು ಸ್ಟೂಲು ತಂದು ಹಾಕಿ, "ಕೂತ್ಕೊಂಡು ಹೇಳಮ್ಮ," ಎಂದ.

ಅವಳ ಹೆಸರು ಶಶಿಕಲಾ. ಊರು ಅಂಚೆಟ್ಟಿಯಿಂದಾಚೆ ಕಾಡು ದಾಟಿ ಹೋಗಬೇಕಾದ ನಾಟ್ರಾಂಪಾಳ್ಯ. ಜೊತೆಗೆ ಬಂದವನು ಮೈದುನ ಚಿನ್ನಸ್ವಾಮಿ, ಹೊಸೂರಿನಲ್ಲಿ ರೂಮು ಮಾಡಿಕೊಂಡು ಕಾರ್ಖಾನೆ ಕೆಲಸಕ್ಕೆ ಹೋಗುವವನು. ಅಣ್ಣನ ಸಂಸಾರಕ್ಕೆಂದು ಆ ಕಾರನ್ನು ಕೊಡಿಸಿದ್ದವನೂ ಅವನೇ. ಈಗ ಅದನ್ನು ಮಾರುವುದೆಂದು ತೀರ್ಮಾನವಾಗಿತ್ತು. ಸೋಮವಾರ ಕೊಳ್ಳುವವರು ಬರುವವರಿದ್ದರು.

ಹೋದ ಏಪ್ರಿಲ್‌ನ ಒಂದು ಮಧ್ಯಾಹ್ನ ಶಶಿಕಲಾಳ ಗಂಡ ತಿಮ್ಮರಾಜು ಹೊಲದಿಂದ ಬಂದವನು ಎದೆ ಹಿಡಿದುಕೊಂಡು ಜಗಲಿ ಮೇಲೆ ಕುಸಿದು ಕೂತ. ಆಂಬುಲೆನ್ಸ್ ಅಂಚೆಟ್ಟಿಯಿಂದ ಹತ್ತಿ ಬಂದು ಇಳಿದು ಹೋಗುವಷ್ಟರಲ್ಲಿ ಎಷ್ಟು ಹೊತ್ತಾಗುತ್ತದೋ ಎಂದು ಅವಳು ಕಾಯಲಿಲ್ಲ. ನಾಲ್ಕು ತಿಂಗಳ ಹಿಂದಷ್ಟೇ ಗಂಡನೇ ಅವಳಿಗೆ ಕಾರು ಓಡಿಸುವುದನ್ನು ಕಲಿಸಿದ್ದ. ಅತ್ತೆ ಪಾರ್ವತಮ್ಮನನ್ನು ಮಗಳ ಜೊತೆ ಮನೆಯಲ್ಲಿ ಬಿಟ್ಟು, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟಳು. ಅರ್ಧ ದಾರಿಯಲ್ಲಿ, ಕಾಡಿನ ಒಂದು ತಿರುವಿನಲ್ಲಿ, ವಾಂತಿ ಬರುತ್ತದೆ ನಿಲ್ಲಿಸು ಎಂದ. ನಿಲ್ಲಿಸಿದಳು. ವಾಂತಿಯಾಯಿತು, ಬಾಯಿ ತೊಳೆಸಿದಳು. ಮತ್ತೆ ಕೀ ತಿರುಗಿಸಿದರೆ ಗಾಡಿ ಸ್ಟಾರ್ಟ್ ಆಗಲಿಲ್ಲ.

ಅಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಆನೆ ದಾಟುವ ಜಾಗವೆಂದು ಅರಣ್ಯದವರು ಬೋರ್ಡು ಹಾಕಿರುವ ತಿರುವು ಅದು. ಅವನನ್ನು ಒಬ್ಬನನ್ನೇ ಬಿಟ್ಟು ನಡೆದು ಹೋಗುವುದಕ್ಕೆ ಅವಳಿಗೆ ಧೈರ್ಯ ಬರಲಿಲ್ಲ. ನಲವತ್ತು ನಿಮಿಷದ ಮೇಲೆ ಹಾಲಿನ ಟೆಂಪೋ ಒಂದು ಬಂತು. ಅದರಲ್ಲಿ ಮಲಗಿಸಿಕೊಂಡು ಹೋದರು. ಅಂಚೆಟ್ಟಿ ಮುಟ್ಟುವ ಮೊದಲೇ ತಿಮ್ಮರಾಜು ಹೋಗಿಬಿಟ್ಟಿದ್ದ.

ಅದೇ ದಿನ ಸಾಯಂಕಾಲ ಕಾರು ತರಲೆಂದು ಚಿನ್ನಸ್ವಾಮಿ ಊರಿನ ಇಬ್ಬರ ಜೊತೆ ಆ ತಿರುವಿಗೆ ಹೋದ. ಕೀ ತಿರುಗಿಸಿದ. ಮೊದಲನೇ ಸಲಕ್ಕೇ ಸ್ಟಾರ್ಟ್ ಆಯಿತು.

"ಅಷ್ಟೇ ಅಣ್ಣ," ಎಂದಳು ಶಶಿಕಲಾ. "ಹೆಣದ ಮುಂದೇನೇ ಅತ್ತೆ ಅಂದ್ರು, ಓಡ್ಸಾಕೆ ಬರ್ದಿರೋಳ ಕೈಗೆ ನನ್ ಮಗನ್ನ ಕೊಟ್ಟು ಕಳಿಸ್ಬುಟ್ಟೆ ಅಂತ. ಆಮ್ಯಾಕೆ ಜಗಳ ಗಿಗಳ ಏನೂ ಆಗಿಲ್ಲ. ಒಂದೇ ಒಲೆ ಮ್ಯಾಲೆ ಅಡಿಗೆ ಮಾಡ್ತೀವಿ. ಆದ್ರೆ ಹನ್ನೊಂದು ತಿಂಗ್ಳಾತು, ಅವ್ರು ನನ್ನ ಹೆಸ್ರು ಹಿಡಿದು ಕರ್ದಿಲ್ಲ. ಹೋದ್ ವಾರ ನನ್ ಮಗಳು ಕೇಳ್ತಾಳೆ, ಅಮ್ಮಾ, ನಿಂಗೆ ಸ್ಟಾರ್ಟ್ ಮಾಡಾಕೆ ಬರ್ಲಿಲ್ವಂತೆ, ಹೌದಾ ಅಂತ. ಐದ್ನೇ ಕ್ಲಾಸು ಅವ್ಳು. ನಂಗೆ ಏನು ಹೇಳ್ಬೇಕೋ ಗೊತ್ತಾಗ್ಲಿಲ್ಲ. ನಂಗೇ ಗೊತ್ತಿಲ್ವಲ್ಲ."

ಚಿನ್ನಸ್ವಾಮಿ ನೆಲ ನೋಡುತ್ತ ಕೂತಿದ್ದ. "ನಾನು ಈ ಒಂದು ವರ್ಷ್ದಾಗೆ ನೂರು ಸಲ ಸ್ಟಾರ್ಟ್ ಮಾಡಿ ನೋಡಿವ್ನಿ ಅಣ್ಣ. ಒಂದ್ಸಲಾನೂ ಕೈ ಕೊಟ್ಟಿಲ್ಲ," ಎಂದ. ಅತ್ತಿಗೆಯನ್ನು ದೂರುವ ದನಿಯಾಗಿರಲಿಲ್ಲ ಅದು. ಬೇರೆ ಏನು ಹೇಳಬೇಕೆಂದು ತಿಳಿಯದವನ ದನಿ.

ಆವುಲಪ್ಪ ಕೇಳಿದ, "ಕೀ ತಿರುಗ್ಸಿದಾಗ ಏನಾಗ್ತಿತ್ತಮ್ಮ? ಸದ್ದೇ ಬರ್ತಿರ್ಲಿಲ್ವಾ, ಇಲ್ಲಾ ಬರೀ ಗರಗರ ಅಂತ ತಿರುಗ್ತಿತ್ತಾ?"

"ಹತ್ಕೊಳ್ತಿತ್ತಣ್ಣ. ಹತ್ಕೊಂಡು ಒಂದ್ ಉಸ್ರು ಬುಟ್ಟಂಗೆ ಆಗಿ ಆರೋಗ್ತಿತ್ತು. ಪ್ರತಿ ಸಲಾನೂ ಹಂಗೇ."

"ಮೀಟರ್ ಕಡೆ ಏನಾದ್ರೂ ಲೈಟು ಕಾಣ್ತಾ?"

"ಕೆಂಪು ಲೈಟು ಒಂದು. ಪುಟ್ಟ ಕಾರಿನ ಚಿತ್ರ, ಅದ್ರ ಮ್ಯಾಲೆ ಬೀಗ ಇದ್ದಂಗೆ. ಮಿಣಕ್ ಮಿಣಕ್ ಅಂತ ಇತ್ತು. ನಂಗೆ ಅದು ಇವತ್ತಿಗೂ ಕಣ್ಣು ಮುಚ್ಚಿದ್ರೆ ಕಾಣ್ತದೆ."

ಚಿನ್ನಸ್ವಾಮಿ ತಲೆ ಎತ್ತಿದ. "ಅತ್ತಿಗೆ, ಇದನ್ನ ನೀವು ನಮ್ಗೆ ಹೇಳೇ ಇಲ್ವಲ್ಲ?"

"ಯಾರೂ ಕೇಳ್ಲಿಲ್ವಲ್ಲಪ್ಪ."

ಆವುಲಪ್ಪ ಚಿನ್ನಸ್ವಾಮಿಯ ಕೈಯಿಂದ ಕೀ ಇಸಿದುಕೊಂಡು ಅದರ ಕಪ್ಪು ಪ್ಲಾಸ್ಟಿಕ್ ತಲೆಯನ್ನು ತೋರಿಸಿದ. ಅದರೊಳಗೆ ಅಕ್ಕಿ ಕಾಳಿನಷ್ಟು ಒಂದು ಚಿಪ್ ಇರುತ್ತದೆ. ಕೀ ಹಾಕುವ ತೂತಿನ ಸುತ್ತ ತಂತಿ ಸುತ್ತಿದ ಒಂದು ಬಳೆ ಇರುತ್ತದೆ. ಕೀ ತಿರುಗಿಸಿದ ಕೂಡಲೇ ಆ ಬಳೆ ಚಿಪ್ಪಿನ ನಂಬರನ್ನು ಓದಿ, ಡ್ಯಾಶ್‌ಬೋರ್ಡಿನ ಕೆಳಗಿರುವ ಪೆಟ್ಟಿಗೆಗೆ ಕೊಡುತ್ತದೆ. ನಂಬರು ಸರಿಯಿದ್ದರೆ ಎಂಜಿನ್‌ಗೆ ಪೆಟ್ರೋಲ್ ಬಿಡಲು ಪೆಟ್ಟಿಗೆ ಒಪ್ಪುತ್ತದೆ. ನಂಬರು ಸಿಗದಿದ್ದರೆ, ಹತ್ತಿಕೊಂಡ ಎಂಜಿನ್ ಒಂದೇ ಕ್ಷಣದಲ್ಲಿ ನಿಂತುಬಿಡುತ್ತದೆ. ಕಳ್ಳರು ಬೇರೆ ಕೀ ಹಾಕಿ ಕಾರು ಒಯ್ಯಬಾರದೆಂದು ಮಾಡಿದ ಏರ್ಪಾಡು ಅದು.

"ಆವತ್ತು ಗಾಡಿ ನಿಮ್ಮನ್ನ ಕಳ್ಳರು ಅಂದ್ಕೊಂಡಿರ್ಬೋದಮ್ಮ," ಎಂದ. "ಇರ್ಬೋದು, ಅಷ್ಟೇ. ಕಣ್ಣಿಂದ ನೋಡ್ದೆ ನಾನು ಹೌದು ಅನ್ನಲ್ಲ. ಇವತ್ತು ಗಾಡಿ ಬಿಟ್ಟು ಹೋಗಿ."

ಅಂದು ಬೇರೆ ಯಾವ ಗಾಡಿಯನ್ನೂ ಆವುಲಪ್ಪ ಮುಟ್ಟಲಿಲ್ಲ. ಮೊದಲು ಸ್ಕ್ಯಾನರ್ ಹಾಕಿ ನೋಡಿದ. ಹಳೆಯ ದೋಷಗಳ ದಾಖಲೆ ಒಂದೂ ಇರಲಿಲ್ಲ. ಮಳೆಗಾಲದಲ್ಲಿ ಬ್ಯಾಟರಿ ಬದಲಾಯಿಸಿದ ಗ್ಯಾರೇಜಿನವರು ಎಲ್ಲವನ್ನೂ ಅಳಿಸಿ ಕೊಟ್ಟಿದ್ದರಂತೆ. ಎರಡು ಕೀಗಳನ್ನೂ ಇಪ್ಪತ್ತಿಪ್ಪತ್ತು ಸಲ ತಿರುಗಿಸಿದ. ಎರಡೂ ಸರಿಯಿದ್ದವು. ತಂತಿಯ ಬಳೆಯನ್ನು ಮೀಟರ್ ಇಟ್ಟು ಅಳೆದ, ಸರಿಯಿತ್ತು. ಪೆಟ್ಟಿಗೆಗೆ ಕರೆಂಟು ಬರುತ್ತಿತ್ತು, ಅರ್ಥ್ ವೈರಿನ ಜೋಡಣೆ ಗಟ್ಟಿಯಾಗಿತ್ತು. ಎಂಜಿನ್ ಓಡುತ್ತಿರುವಾಗ, ನಿಂತಿರುವಾಗ, ವೈರುಗಳನ್ನೆಲ್ಲ ಒಂದೊಂದಾಗಿ ಅಲುಗಾಡಿಸಿದ. ಎಲ್ಲೂ ತಪ್ಪು ಸಿಗಲಿಲ್ಲ. ಬಳೆಯ ಮೇಲೆ ಬಿಸಿಗಾಳಿಯ ಗನ್ ಹಿಡಿದು ಕಾಯಿಸಿದ. ಅದಕ್ಕೂ ಗಾಡಿ ಜಗ್ಗಲಿಲ್ಲ.

ಶನಿವಾರ ಮಧ್ಯಾಹ್ನದ ಹೊತ್ತಿಗೆ, ಸರಿಯಾಗಿದೆ ಎಂದು ಚೀಟಿ ಬರೆದು ಕೊಟ್ಟುಬಿಡಬಹುದಿತ್ತು. ಬರೆದರೆ ಅದು ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಇಷ್ಟು ದಿನ ಊರಿನವರು ಹೇಳಿದ್ದನ್ನು ಇನ್ನು ಮೇಲೆ ಮೆಕ್ಯಾನಿಕ್ಕೂ ಹೇಳಿದ ಹಾಗಾಗುತ್ತದೆ. ಆದರೆ ಇಲ್ಲದ ದೋಷವನ್ನು ಇದೆಯೆಂದು ಹೇಳುವುದೂ ಅವನಿಂದಾಗದು. ಆ ಹೆಂಗಸಿನ ಮಾತಿನಲ್ಲಿದ್ದ ಕೆಂಪು ಲೈಟು ಮಾತ್ರ ಅವನನ್ನು ಬಿಡಲಿಲ್ಲ. ಕಾರಿನ ಬಗ್ಗೆ ಅಷ್ಟು ಕಡಿಮೆ ತಿಳಿದವಳು ಅದನ್ನು ಕಟ್ಟಿ ಹೇಳಲು ಸಾಧ್ಯವಿರಲಿಲ್ಲ.

ಅವನು ಚಿನ್ನಸ್ವಾಮಿಗೆ ಫೋನ್ ಮಾಡಿದ. "ಇಲ್ಲಿ ನೆರಳಾಗೆ ನಿಲ್ಸಿ ನೋಡಿದ್ರೆ ಇದು ಬಾಯಿ ಬಿಡಾಕಿಲ್ಲ ಕಣಪ್ಪ. ನಾಳೆ ನಿಮ್ಮೂರಿಗೇ ಹೋಗೋಣ. ಆವತ್ತಿನ ಹೊತ್ತು, ಆವತ್ತಿನ ದಾರಿ, ಆವತ್ತು ಓಡಿಸ್ದೋರೇ ಓಡಿಸ್ಬೇಕು."

"ಅತ್ತಿಗೆ ಆಮ್ಯಾಕೆ ಸ್ಟೇರಿಂಗ್ ಮುಟ್ಟೇ ಇಲ್ಲಣ್ಣ."

"ಕೇಳಿ ನೋಡು."

ಅವಳು ಒಪ್ಪಿದಳೆಂದು ಹತ್ತು ನಿಮಿಷದಲ್ಲಿ ಮರುಫೋನ್ ಬಂತು.

ಭಾನುವಾರ ಡೆಂಕಣಿಕೋಟೆ, ಅಂಚೆಟ್ಟಿ ದಾಟಿ ಆವುಲಪ್ಪ, ಚಿನ್ನಸ್ವಾಮಿ ನಾಟ್ರಾಂಪಾಳ್ಯ ಮುಟ್ಟಿದಾಗ ಹತ್ತೂವರೆ. ಕಾರನ್ನು ಅಂಗಳದ ಬಿಸಿಲಿನಲ್ಲಿ, ಆವತ್ತು ನಿಂತಿದ್ದ ಜಾಗದಲ್ಲೇ ನಿಲ್ಲಿಸಲು ಆವುಲಪ್ಪ ಹೇಳಿದ. ಕಿಟಕಿಗಳನ್ನು ಏರಿಸಿ ಹಾಗೇ ಬಿಟ್ಟರು. ಜಗಲಿ ಮೇಲೆ ಪಾರ್ವತಮ್ಮ ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ಎಪ್ಪತ್ತರ ಹತ್ತಿರದ ಗಟ್ಟಿ ಹೆಂಗಸು. ಬಂದವರು ಯಾರು, ಯಾಕೆ ಎಂದು ಮಗ ಹೇಳಿದ್ದನ್ನು ಕೇರುವುದು ನಿಲ್ಲಿಸದೆಯೇ ಕೇಳಿದಳು.

"ಇದ್ರಿಂದ ಸತ್ತೋನು ಎದ್ದು ಬತ್ತಾನೇನಪ್ಪ?" ಎಂದು ಆವುಲಪ್ಪನನ್ನು ಕೇಳಿದಳು.

"ಇಲ್ಲ ತಾಯಿ. ಬರಾಕಿಲ್ಲ."

ಅವನು ಬೇರೆ ಏನೂ ಸೇರಿಸದೆ ಇಷ್ಟೇ ಹೇಳಿದ್ದು ಅವಳಿಗೆ ಹಿಡಿಸಿರಬೇಕು. "ಹೊಸೂರಿಂದ ಬಂದಿದ್ದೀಯ, ಮುದ್ದೆ ಉಂಡ್ಕೊಂಡೇ ಹೊರಡು," ಎಂದಳು.

ಒಂದು ಗಂಟೆಗೆ ಕಾರಿನ ಬಾಗಿಲು ತೆಗೆದಾಗ ಒಳಗಿಂದ ಒಲೆ ಮುಂದೆ ನಿಂತಂಥ ಬಿಸಿ ಹೊಡೆಯಿತು. ಡ್ಯಾಶ್‌ಬೋರ್ಡಿನ ಮೇಲೆ ಕೈಯಿಡಲು ಆಗುತ್ತಿರಲಿಲ್ಲ. ಶಶಿಕಲಾ ಸೆರಗು ಸಿಕ್ಕಿಸಿಕೊಂಡು ಡ್ರೈವರ್ ಸೀಟಿನಲ್ಲಿ ಕೂತಳು. ಆವುಲಪ್ಪ ಸ್ಕ್ಯಾನರ್ ತೊಡೆ ಮೇಲೆ ಇಟ್ಟುಕೊಂಡು ಪಕ್ಕದಲ್ಲಿ, ಚಿನ್ನಸ್ವಾಮಿ ಹಿಂದೆ. ಅಷ್ಟರಲ್ಲಿ ಪಾರ್ವತಮ್ಮ ಚಪ್ಪಲಿ ಮೆಟ್ಟಿಕೊಂಡು ಬಂದು ಹಿಂದಿನ ಬಾಗಿಲು ಹಿಡಿದಳು.

"ಸರಿಲಾ ಆ ಕಡೆ. ನಾನೂ ಬತ್ತೀನಿ. ಆ ಜಾಗ ನಾನು ಸರಿಯಾಗಿ ನೋಡಿಲ್ಲ."

ಚಿನ್ನಸ್ವಾಮಿ ಸರಿದು ಕೂತ. ಶಶಿಕಲಾ ಹಿಂದೆ ತಿರುಗಲಿಲ್ಲ. ಕೀ ತಿರುಗಿಸಿದಳು. ಗಾಡಿ ಸ್ಟಾರ್ಟ್ ಆಯಿತು.

ಊರು ಬಿಟ್ಟು ಕಾಡಿನ ಇಳಿಜಾರು ಸೇರಿದರು. ಶಶಿಕಲಾಳ ಬೆನ್ನು ಸೀಟಿಗೆ ತಾಗಿರಲಿಲ್ಲ. ಗೇರು ಬದಲಾಯಿಸುವಾಗ ಒಂದೆರಡು ಸಲ ಕೈ ತಡವರಿಸಿತು, ಆದರೆ ತಪ್ಪಲಿಲ್ಲ. ಎಲೆ ಉದುರಿದ ಮರಗಳ ನಡುವೆ ರಸ್ತೆ ಹೊಳೆಯುತ್ತಿತ್ತು. ತಮಿಳಿನಲ್ಲಿ ಬರೆದ ಅರಣ್ಯದವರ ಬೋರ್ಡು ಕಾಣಿಸಿದ ಮೇಲೆ ಅವಳು ವೇಗ ಇಳಿಸಿ, ತಿರುವಿನ ಎಡಕ್ಕೆ, ಕಲ್ಲಿನ ತಡೆಗೋಡೆಯ ಪಕ್ಕ ನಿಲ್ಲಿಸಿದಳು.

"ಇಲ್ಲೇ."

"ಆಫ್ ಮಾಡಮ್ಮ. ಈಗ ಸ್ಟಾರ್ಟ್ ಮಾಡು."

ಗಾಡಿ ಸ್ಟಾರ್ಟ್ ಆಯಿತು.

ಹಿಂದಿನ ಸೀಟಿನಲ್ಲಿ ಪಾರ್ವತಮ್ಮ ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು. ಆವುಲಪ್ಪ ಇನ್ನೊಂದು ಸಲ ಮಾಡಿಸಿದ. ಮತ್ತೆ ಸ್ಟಾರ್ಟ್ ಆಯಿತು. ಶಶಿಕಲಾ ಎರಡೂ ಕೈಗಳನ್ನು ಸ್ಟೇರಿಂಗ್ ಮೇಲಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ಆವತ್ತು ನಿಲ್ಸಿದ ಕೂಡ್ಲೇ ತಿರುಗ್ಸಿದ್ರೇನಮ್ಮ?" ಎಂದು ಆವುಲಪ್ಪ ಕೇಳಿದ.

"ಇಲ್ಲ. ವಾಂತಿ ಮಾಡ್ಕೊಂಡ್ರು. ಬಾಯಿ ತೊಳ್ಸಿ, ಮುಖ ಒರ್ಸಿ, ಒಸಿ ನೀರು ಕುಡಿಸ್ದೆ. ಏಳೆಂಟು ನಿಮಿಷ ಆಗಿರ್ಬೇಕು."

"ಹಂಗಾದ್ರೆ ಆಫ್ ಮಾಡಿ. ಎಂಟು ನಿಮಿಷ ಯಾರೂ ಏನೂ ಮಾಡೋದು ಬ್ಯಾಡ."

ಓಡುವ ಗಾಡಿಗೆ ಗಾಳಿಯಾದರೂ ಇರುತ್ತದೆ. ನಿಂತ ಮೇಲೆ ಎಂಜಿನ್ನಿನ ಬಿಸಿ ಹೋಗಲು ದಾರಿಯಿಲ್ಲದೆ ಒಳಗೆಲ್ಲ ಹರಡುತ್ತದೆ. ಇದನ್ನು ಮೊದಲೇ ಯೋಚಿಸಬೇಕಿತ್ತು ಎಂದು ಆವುಲಪ್ಪ ತನ್ನನ್ನೇ ಬೈದುಕೊಂಡ. ಅವರು ಕಾರಿನಲ್ಲೇ ಕೂತರು. ಬೆವರು ಕುತ್ತಿಗೆಯಿಂದ ಇಳಿಯುತ್ತಿತ್ತು. ಗಡಿಯಾರ ನೋಡಿಕೊಂಡು ಎಂಟು ನಿಮಿಷ ಮುಗಿದ ಮೇಲೆ ಅವನು ತಲೆಯಾಡಿಸಿದ.

ಶಶಿಕಲಾ ಕೀ ತಿರುಗಿಸಿದಳು. ಎಂಜಿನ್ ಹತ್ತಿಕೊಂಡಿತು, ಒಂದು ಉಸಿರು ಬಿಟ್ಟ ಹಾಗೆ ಆಗಿ ನಿಂತಿತು. ಮೀಟರಿನಲ್ಲಿ ಪುಟ್ಟ ಕೆಂಪು ಕಾರು, ಅದರ ಮೇಲಿನ ಬೀಗ, ಮಿಣುಕತೊಡಗಿತು.

ಮತ್ತೆ ತಿರುಗಿಸಿದಳು. ಹತ್ತಿ, ಆರಿತು. ಮತ್ತೆ. ಮತ್ತೆ. ನಿಲ್ಲಿಸಮ್ಮ ಎಂದು ಆವುಲಪ್ಪ ಹೇಳಿದ್ದು ಅವಳಿಗೆ ಕೇಳಿಸಿದಂತಿರಲಿಲ್ಲ. ಕೊನೆಗೆ ಅವನೇ ಮೆಲ್ಲನೆ ಅವಳ ಕೈ ಹಿಡಿದು ಕೀಯಿಂದ ಬಿಡಿಸಿದ. ಸ್ಕ್ಯಾನರ್ ಪರದೆಯ ಮೇಲೆ, ಕೀ ಗುರುತು ಸಿಗುತ್ತಿಲ್ಲ ಎಂಬ ಸಾಲು ಬಂದು ನಿಂತಿತ್ತು.

"ಚಿನ್ನಸ್ವಾಮಿ, ನೀನು ಬಾ ಇಲ್ಲಿ. ನೀನು ಸ್ಟಾರ್ಟ್ ಮಾಡು," ಎಂದ.

ಚಿನ್ನಸ್ವಾಮಿ ಮುಂದೆ ಬಂದು ಕೂತ. ಅದೇ ಕೀಯಿಂದ ಆರು ಸಲ, ಇನ್ನೊಂದು ಕೀಯಿಂದ ಆರು ಸಲ ತಿರುಗಿಸಿದ. ಹನ್ನೆರಡೂ ಸಲ ಹತ್ತಿ ಆರಿತು. ಅಷ್ಟರಲ್ಲಿ ಆವುಲಪ್ಪ ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿ, ಟಾರ್ಚು ಹಿಡಿದು, ಪೆಟ್ಟಿಗೆಯ ಹಿಂದೆ ವೈರು ಸೇರುವ ಜಾಗವನ್ನು ಹುಡುಕಿ ಮೀಟರ್ ಇಟ್ಟ. ಬಳೆಯಿಂದ ಬಂದ ವೈರು ಸರಿಯಿತ್ತು. ಪೆಟ್ಟಿಗೆಯೊಳಗೆ ಆ ವೈರಿನ ಪಿನ್ನಿಗೆ ಹಾಕಿದ ಬೆಸುಗೆ ಬಿರುಕು ಬಿಟ್ಟಿರಬೇಕು. ತಣ್ಣಗಿದ್ದಾಗ ಕೂಡಿಕೊಂಡಿದ್ದು, ಕಾದಾಗ ಕೂದಲೆಳೆಯಷ್ಟು ಅಗಲುವ ಬಿರುಕು. ಅವನು ಆ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದ.

"ಈಗ ತಿರುಗ್ಸು."

ಗಾಡಿ ಸ್ಟಾರ್ಟ್ ಆಗಿ ಓಡತೊಡಗಿತು.

"ಆಫ್ ಮಾಡು. ಬೆರಳು ತೆಗ್ದೀನಿ. ಈಗ?"

ಹತ್ತಿ, ಆರಿತು.

ಚಿನ್ನಸ್ವಾಮಿ ಇಳಿದು ಬಂದ. ಅತ್ತಿಗೆ ತಡೆಗೋಡೆಯ ಹತ್ತಿರ ನಿಂತಿದ್ದಳು. ಅವಳ ಮುಂದೆ ನಿಂತು, "ಅತ್ತಿಗೆ, ಆವತ್ತು ನಾನು ಬಂದಾಗ ಹೊತ್ತು ಮುಳುಗಿತ್ತು. ಗಾಡಿ ತಣ್ಣಗಾಗ್ಬುಟ್ಟಿತ್ತು. ನಾನು..." ಎಂದ. ಅವಳು ಅವನ ತೋಳು ಮುಟ್ಟಿ, "ನಿಂಗೆಲ್ಲಿ ಗೊತ್ತಿತ್ತಪ್ಪ," ಎಂದಳು.

ಪಾರ್ವತಮ್ಮ ಇನ್ನೂ ಕಾರಿನಲ್ಲೇ ಕೂತಿದ್ದಳು. ಅವಳು ಆವುಲಪ್ಪನನ್ನು ಹತ್ತಿರ ಕರೆದಳು.

"ನಂಗೆ ನಿನ್ನ ಪೆಟ್ಟಿಗೆ, ವೈರು ಎಲ್ಲ ತಿಳ್ಯಾಕಿಲ್ಲ. ಒಂದು ಹೇಳು. ಆವತ್ತು ಇವ್ಳ ಜಾಗ್ದಾಗೆ ನೀನೇ ಕೂತಿದ್ದಿದ್ರೆ?"

"ನಾನೇ ಕೂತಿದ್ರೂ ಆಗ್ತಿರ್ಲಿಲ್ಲ ತಾಯಿ. ಇದನ್ನ ಹಿಡಿಯಾಕೆ, ಇಷ್ಟೆಲ್ಲ ಸಾಮಾನು ಇಟ್ಕೊಂಡು, ನಂಗೆ ಮೂರು ದಿನ ಹಿಡೀತು. ನಲವತ್ತು ನಿಮಿಷ್ದಾಗೆ, ಪಕ್ಕದಾಗೆ ಆ ಸ್ಥಿತೀಲಿ ಗಂಡನ್ನ ಇಟ್ಕೊಂಡು, ಯಾರ ಕೈಲೂ ಆಗಾಕಿಲ್ಲ."

ಆಗ ಶಶಿಕಲಾ ಬಂದು ಕಾರಿನ ಬಾಗಿಲ ಬಳಿ ನಿಂತಳು.

"ಅಣ್ಣ, ನಾನೂ ಒಂದು ಕೇಳ್ತೀನಿ. ನಾನು ಆಫ್ ಮಾಡ್ದೇ ಇದ್ದಿದ್ರೆ?"

ಈ ಪ್ರಶ್ನೆ ಬರಬಹುದೆಂದು ಆವುಲಪ್ಪನಿಗೆ ಶುಕ್ರವಾರದಿಂದ ಅಂಜಿಕೆಯಿತ್ತು. ಗೊತ್ತಿಲ್ಲಮ್ಮ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಹಾಗಲ್ಲ ಎಂದು ಹೇಳಬಲ್ಲವರು ಅಲ್ಲಿ ಯಾರೂ ಇರಲಿಲ್ಲ. ಆದರೆ ಅವಳು ಅಷ್ಟು ದೂರದಿಂದ ಬಂದದ್ದೇ ನಿಜವನ್ನು ಕೇಳುವುದಕ್ಕೆ. ಅರ್ಧ ಕೊಟ್ಟು ಅರ್ಧ ಮುಚ್ಚಿಡುವುದು ಅವನಿಗೆ ಸರಿಕಾಣಲಿಲ್ಲ.

"ಓಡ್ತಾ ಇರೋ ಗಾಡೀನ ಇದು ನಿಲ್ಸಾಕಿಲ್ಲಮ್ಮ. ಸ್ಟಾರ್ಟ್ ಮಾಡೋವಾಗ ಮಾತ್ರ ಕೀ ಯಾರ್ದು ಅಂತ ಕೇಳ್ತದೆ. ಆಫ್ ಮಾಡ್ದೇ ಇದ್ದಿದ್ರೆ ಅಂಚೆಟ್ಟಿವರ್ಗೂ ಓಡ್ತಿತ್ತು. ಅಲ್ಲಿಗೆ ಹೋಗಿದ್ರೆ ಅವ್ರು ಉಳೀತಿದ್ರಾ ಅನ್ನೋದು ನಂಗೆ ಗೊತ್ತಿಲ್ಲ. ನಂಗೆ ಗಾಡಿ ವಿಷ್ಯ ಮಾತ್ರ ಗೊತ್ತು."

ಶಶಿಕಲಾ ತಲೆಯಾಡಿಸಿದಳು. ಅದನ್ನು ಅವಳು ಹನ್ನೊಂದು ತಿಂಗಳಿಂದ ತಾನೇ ಊಹಿಸಿಕೊಂಡಿದ್ದಳೆಂದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು.

"ಮತ್ಯಾಕೆ ಆಫ್ ಮಾಡ್ದೆ?" ಎಂದಳು ಪಾರ್ವತಮ್ಮ. ದನಿ ಜೋರಾಗಿರಲಿಲ್ಲ.

ಶಶಿಕಲಾ ಮುಂದಿನ ಖಾಲಿ ಸೀಟನ್ನು ನೋಡಿದಳು.

"ಕೇಳ್ತಾ ಇವ್ನಿ ಕಣೆ. ನಿಲ್ಸು ಅಂದ, ನಿಲ್ಸಿದೆ. ಆಫ್ ಯಾಕೆ ಮಾಡ್ದೆ?"

"ಅವ್ರೇ ಅಂದ್ರು ಅತ್ತೆ." ಅವಳು ಕಾರಿನ ಬಾಗಿಲನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. "ಎಂಜಿನ್ ನಡುಗೋದು ಎದೆಗೆ ಹೊಡ್ದಂಗೆ ಆಯ್ತದೆ ಶಶಿ, ಒಂದ್ ಗಳಿಗೆ ಸದ್ದು ನಿಲ್ಸು ಅಂದ್ರು. ಬ್ಯಾಡ, ಹೋಗ್ಬುಡಾನ ಅಂದೆ. ನನ್ ಕೈ ಹಿಡ್ಕೊಂಡು ಮತ್ತೆ ಅಂದ್ರು. ಅದಕ್ಕೆ ಆಫ್ ಮಾಡ್ದೆ."

"ಇದನ್ನ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಹೋದೋರ ಮ್ಯಾಲೆ ಹಾಕ್ದಂಗೆ ಆಗ್ತಿತ್ತು. ಅವ್ರೇ ತಮ್ಮ ಸಾವು ತಂದ್ಕೊಂಡ್ರು ಅಂತ ಜನ ಅಂತಿದ್ರು. ನನ್ನ ಅಂದ್ರೆ ಅನ್ಲಿ ಅಂತ ಸುಮ್ಕಾದೆ."

ಬಿಸಿಗಾಳಿಗೆ ಒಣಗಿದ ಎಲೆಗಳು ರಸ್ತೆಯ ಮೇಲೆ ಸರಿದಾಡುತ್ತಿದ್ದವು. ಪಾರ್ವತಮ್ಮ ಕಾರಿನಿಂದ ಇಳಿದಳು. ಚಿನ್ನಸ್ವಾಮಿ ಕೈ ಕೊಡಲು ಬಂದರೆ ಬೇಡವೆಂದಳು. ತಡೆಗೋಡೆಯವರೆಗೆ ನಡೆದು ಹೋಗಿ, ಕಾದ ಕಲ್ಲಿನ ಮೇಲೆ ಸೆರಗು ಹಾಸಿಕೊಂಡು ಕೂತಳು. ಸ್ವಲ್ಪ ಹೊತ್ತು ಕೆಳಗಿನ ಕಾಡನ್ನು ನೋಡಿದಳು. ಆಮೇಲೆ ಪಕ್ಕದ ಜಾಗವನ್ನು ಕೈಯಿಂದ ತಟ್ಟಿದಳು.

"ಶಶಿ, ಬಾ. ಕೂತ್ಕೊ."

ಶಶಿಕಲಾ ಹೋಗಿ ಕೂತಳು.

"ಅವ್ನು ಆಮ್ಯಾಕೆ ಏನಂದ? ಆ ನಲವತ್ತು ನಿಮಿಷ. ನಾನು ಯಾವತ್ತೂ ಕೇಳ್ಲಿಲ್ಲ. ಮೊದ್ಲಿಂದ ಹೇಳು."

ಆವುಲಪ್ಪ ಚಿನ್ನಸ್ವಾಮಿಯ ಹೆಗಲು ಹಿಡಿದು ತಿರುವಿನ ಆಚೆ ಕರೆದುಕೊಂಡು ಹೋದ. ಅಲ್ಲಿಗೆ ಅವರ ಮಾತು ಕೇಳಿಸುತ್ತಿರಲಿಲ್ಲ. ಶಶಿಕಲಾ ಹೇಳುತ್ತಲೇ ಇದ್ದಳು, ಮುದುಕಿ ಕೇಳುತ್ತಲೇ ಇದ್ದಳು. ಒಮ್ಮೆ ಪಾರ್ವತಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಮುಂದಕ್ಕೆ ಬಾಗಿದ್ದು ಕಾಣಿಸಿತು. 'ಹೋಗಲಾ?' ಎಂಬಂತೆ ಚಿನ್ನಸ್ವಾಮಿ ನೋಡಿದ. ಆವುಲಪ್ಪ ಬೇಡವೆಂದ. ಸ್ವಲ್ಪ ಹೊತ್ತಿನ ಮೇಲೆ ಸೊಸೆಯ ಕೈ ಅತ್ತೆಯ ಬೆನ್ನ ಮೇಲಿತ್ತು.

ಆ ಸಂಜೆಯೇ ಚಿನ್ನಸ್ವಾಮಿ ಕೊಳ್ಳುವವರಿಗೆ ಫೋನ್ ಮಾಡಿ, ಗಾಡಿಯಲ್ಲಿ ದೋಷವಿದೆ, ಈಗ ಮಾರುವುದಿಲ್ಲ ಎಂದು ಹೇಳಿದ. ಆವುಲಪ್ಪ ಹೊಸ ಪೆಟ್ಟಿಗೆಗೆ ಆರ್ಡರ್ ಹಾಕಿದ. ಅದು ಬರಲು ಹನ್ನೆರಡು ದಿನ ಹಿಡಿಯಿತು. ಬಂದಿದೆ ಎಂದು ತಿಳಿಸಿದ ಮರುದಿನ ಶಶಿಕಲಾ ಒಬ್ಬಳೇ ಕಾರು ಓಡಿಸಿಕೊಂಡು ಜೂಜುವಾಡಿಗೆ ಬಂದಳು. ದಾರಿಯಲ್ಲಿ ಎಲ್ಲೂ ಎಂಜಿನ್ ಆಫ್ ಮಾಡಲಿಲ್ಲವೆಂದಳು.

ಪೆಟ್ಟಿಗೆ ಕೂರಿಸಿ, ಎರಡೂ ಕೀಗಳ ನಂಬರನ್ನು ಅದಕ್ಕೆ ಕಲಿಸುವ ಕೆಲಸಕ್ಕೆ ಒಂದು ಗಂಟೆ ಬೇಕಾಯಿತು. ಅವಳು ಅದೇ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಳು.

"ಅತ್ತೆ ಹೆಂಗವ್ರಮ್ಮ?"

"ತಪ್ಪಾಯ್ತು ಅಂತೇನೂ ಬಾಯ್ಬಿಟ್ಟು ಅಂದಿಲ್ಲಣ್ಣ. ಆದ್ರೆ ಮಗೂನ ಕೂರಿಸ್ಕೊಂಡು ಅವ್ರೇ ಹೇಳಿದ್ರು, ಗಾಡಿ ಕೆಟ್ಟಿತ್ತು ಕಣೆ, ನಿಮ್ಮವ್ವ ನಿಮ್ಮಪ್ಪನ್ನ ಬುಟ್ಟು ಎಲ್ಲೂ ಹೋಗ್ಲಿಲ್ಲ ಅಂತ. ದಿನಾ ಕೇಳ್ತಾರೆ. ನೀರು ಕುಡ್ದ ಮ್ಯಾಲೆ ಏನಂದ, ನನ್ ಹೆಸ್ರು ತಗೊಂಡ್ನಾ, ನೋವು ಭಾಳ ಇತ್ತಾ. ಹೇಳಿದ್ದನ್ನೇ ಮತ್ತೆ ಹೇಳಿಸ್ತಾರೆ."

"ನಿಮ್ಗೆ ಕಷ್ಟ ಆಗಾಕಿಲ್ವಾ?"

"ಆಯ್ತದೆ. ಆದ್ರೂ ಹೇಳ್ತೀನಿ. ಇಷ್ಟು ದಿನ ಆ ತಿರುವ್ನಾಗೆ ನಾನೊಬ್ಳೇ ಇದ್ದಂಗೆ ಇತ್ತು."

ಆವುಲಪ್ಪ ಪೆಟ್ಟಿಗೆಯ ಮೇಲೆ ಬಿಸಿಗಾಳಿಯ ಗನ್ ಹಿಡಿದು, ಮುಟ್ಟಲಾಗದಷ್ಟು ಕಾಯಿಸಿದ. ಕೀ ಅವಳ ಕೈಗೆ ಕೊಟ್ಟ. ಅವಳು ತಿರುಗಿಸಿದಳು, ಹತ್ತು ಸಲ ತಿರುಗಿಸಿದರೆ ಹತ್ತು ಸಲವೂ ಸ್ಟಾರ್ಟ್ ಆಯಿತು.

"ಹದಿನೆಂಟನೇ ತಾರೀಖು ಅವ್ರ ವರ್ಷದ ತಿಥಿ," ಎಂದಳು. "ನೀವು ಬರ್ಲೇಬೇಕು ಅಂತ ಅತ್ತೆ ಹೇಳಿ ಕಳಿಸವ್ರೆ. ನಾನೂ ಹೇಳ್ತಾ ಇದ್ದೀನಿ."

ವಾರದ ನಡುವೆ ಅಂಗಡಿ ಮುಚ್ಚುವ ಅಭ್ಯಾಸ ಆವುಲಪ್ಪನಿಗೆ ಇರಲಿಲ್ಲ. "ಬತ್ತೀನಮ್ಮ," ಎಂದ.

ಅವಳು ಕಾರು ಹಿಂದಕ್ಕೆ ತೆಗೆದು, ಅತ್ತಿಬೆಲೆ ಕಡೆಯಿಂದ ಬರುತ್ತಿದ್ದ ಲಾರಿಗಳ ಸಾಲಿನಲ್ಲಿ ಸಂದು ಸಿಗುವವರೆಗೆ ಕಾದು, ಹೊಸೂರಿನ ಕಡೆ ತಿರುಗಿಸಿಕೊಂಡಳು.